ಬಾವಿಗೆ ಬಂದ ರಾಣಿ, ಹೊಟ್ಟೆ ಉಬ್ಬಿದ ಎತ್ತು

ಹಳ್ಳದ ಈಚೆ

ಮಕ್ಕಳೇ, ನಿಮ್ಮ ಆಯಿ ಪರದೇಶಕ್ಕೆ ಹೋಗಿ ಬಂದವಳು. ನಗಬೇಡಿರಿ. ಹಡಗು ಹತ್ತಲಿಲ್ಲ, ಸಮುದ್ರ ನೋಡಲಿಲ್ಲ, ನಮ್ಮೂರ ಹಳ್ಳ ದಾಟಿದೆ. ಆದರೆ ನಮ್ಮೂರು ಮೊಗಲಾಯಿ, ಅಂದರೆ ನಿಜಾಮರ ಸೀಮೆ. ಹಳ್ಳದ ಆಚೆಯ ಇಳಕಲ್ಲು ಇಂಗ್ರೇಜಿ ಸರಕಾರದ್ದು. ಈಚೆಯ ರೊಕ್ಕ ಆಚೆ ನಡೆಯುವುದಿಲ್ಲ, ಆಚೆಯ ಸಿಪಾಯಿಗೆ ಈಚೆ ಯಾರೂ ಅಂಜುವುದಿಲ್ಲ. ಮಾಳಿಗೆ ಹತ್ತಿದರೆ ಕಾಣುವ ಊರಾದರೂ ಪರದೇಶ ಪರದೇಶವೇ. ನಾನು ಅಲ್ಲಿಗೆ ಹೋಗಿ, ಇಳಕಲ್ಲು ದಾಟಿ, ಹುನಗುಂದ ದಾಟಿ, ಬಾಗಲಕೋಟೆ ನೋಡಿ, ರೈಲು ಹತ್ತಿ ಬದಾಮಿಗೆ ಹೋಗಿ ಬಂದೆ. ನೋಡಿದ್ದು ಏನು ಎಂದು ಕೇಳಿದರೆ ಹೆಚ್ಚಾಗಿ ನನ್ನ ಸೆರಗಿನ ಒಳಮೈ. ನಾಚಿಕೆಗೆ ಅದನ್ನು ಅಷ್ಟು ಮುಂದೆ ಎಳೆದುಕೊಂಡಿದ್ದೆ.

ಹೋದ ಕಾರಣ ಹೇಳುತ್ತೇನೆ. ನಾನು ಓದಲು ಕಲಿತದ್ದು ಅಯ್ಯನವರ ಸಾಲಿಯಲ್ಲಿ, ತಮ್ಮ ಶಂಕ್ರಪ್ಪನನ್ನು ಬಿಟ್ಟು ಬರುವ ನೆವದಿಂದ, ಕಂಬದ ಹಿಂದೆ ಕುಳಿತು. ಹಾಗಾಗಿ ಅಕ್ಷರವೆಂದರೆ ಕಂಬದ ಮಗ್ಗುಲಿನಿಂದ ಅರ್ಧ ಮಾತ್ರ ಕಾಣುವ ವಸ್ತು ಎಂದು ಬಹಳ ದಿನ ತಿಳಿದಿದ್ದೆ. ನಿಮ್ಮ ಮುತ್ಯಾ ತೀರಿಕೊಂಡ ಮೇಲೆ ನೇಕಾರ ಓಣಿಯ ಹೆಣ್ಣುಮಕ್ಕಳು ಪ್ರತಿ ಶ್ರಾವಣದಲ್ಲಿ ನನ್ನನ್ನು ಪುರಾಣ ಓದಲು ಕೂರಿಸಿದರು. ಓಣಿಯಲ್ಲಿ ಓದಲು ಬರುವ ಹೆಂಗಸು ನಾನೊಬ್ಬಳೇ. ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದುತ್ತಿದ್ದೆ. ನೀಲವ್ವನ ಕಣ್ಣು ಮಂದ ಎಂದು ಅವರೆಲ್ಲ ಮರುಗುತ್ತಿದ್ದರು. ಕಣ್ಣು ಚೆನ್ನಾಗಿಯೇ ಇದ್ದವು. ಅಷ್ಟು ಜನರ ಮುಖ ನೋಡುವ ಧೈರ್ಯ ಇರಲಿಲ್ಲ.

ನಮಗಿದ್ದದ್ದು ಒಂದೇ ಪುಸ್ತಕ, ಗುಡಿಯ ಅಟ್ಟದ ಮೇಲೆ ಸಿಕ್ಕದ್ದು. ಒಬ್ಬ ರಾಣಿಯ ಕಥೆ. ಮಂತ್ರಿಯ ಮೋಸದಿಂದ ರಾಜ ಅವಳನ್ನು ಕಾಡಿಗೆ ಅಟ್ಟುತ್ತಾನೆ, ಕೂಸನ್ನು ಯಾರೋ ಒಯ್ಯುತ್ತಾರೆ, ರಾಣಿ ಮಜ್ಜಿಗೆ ಮಾರುತ್ತ ಊರೂರು ಹುಡುಕುತ್ತಾಳೆ. ಕಡೆಗೆ ಒಂದು ಬಾವಿಯ ಹತ್ತಿರ ಬಂದು ಗಡಿಗೆ ಇಳಿಸುತ್ತಾಳೆ. ಅಲ್ಲಿಂದ ಮುಂದಿನದನ್ನು ನಮಗಿಂತ ಮೊದಲು ಒರಲಿ, ಅಂದರೆ ಗೆದ್ದಲು, ತಿಂದಿತ್ತು. ವರ್ಷ ವರ್ಷವೂ ರಾಣಿ ಬಾವಿಯ ತನಕ ಬಂದು ನಿಲ್ಲುವಳು, ನಾವು ಅಲ್ಲಿಯೇ ಮಂಗಳಾರತಿ ಮಾಡಿ ಏಳುವೆವು.

ಇದು ಎಲ್ಲರಿಗಿಂತ ಹೆಚ್ಚು ಕಾಡಿದ್ದು ಸಂಗವ್ವಾಯಿಯನ್ನು. ಓಣಿಗೆಲ್ಲ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿಕೊಡುವ ಮುದುಕಿ. ಎದ್ದು ನಿಂತರೆ ಉಸಿರು ಹತ್ತುತ್ತಿತ್ತು. ಆ ವರ್ಷ ತಮ್ಮ ಬಾಗಲಕೋಟೆಗೆ ನೂಲು ತರಲು ಹೋಗುವವನು, ಹಾಗೆಯೇ ಬದಾಮಿಯ ಹತ್ತಿರದ ಬನಶಂಕರಿಗೆ ನನ್ನನ್ನೂ ಕರೆದೊಯ್ಯುತ್ತೇನೆ ಎಂದ. ಸುದ್ದಿ ತಿಳಿದದ್ದೇ ಸಂಗವ್ವಾಯಿ ಬಂದು ಹೊಸ್ತಿಲ ಮೇಲೆ ಕುಳಿತಳು.

"ನೀಲಾ, ಬಾಗಲಕೋಟ್ಯಾಗ ಹಳೀ ಪುಸ್ತಕದ ಅಂಗಡಿ ಐತಂತ. ಆ ರಾಣೀ ಕತಿ ಪೂರಾ ಇದ್ದದ್ದು ತಗೊಂಡು ಬಾ. ಆಕೀ ಕೂಸು ಸಿಕ್ತೋ ಇಲ್ಲೋ ತಿಳೀದ ನಾ ಹೋಗಾಕಿ ಅಲ್ಲ. ಯಮ ಬಂದ್ರ ಶ್ರಾವಣದ ತನಕ ಬಾಗಲದಾಗ ಕುಂಡರಿಸ್ತೇನಿ."

"ತರ್ತೇನಿ ಆಯಿ."

"ಮತ್ತ ನೀ ಹಾದ್ಯಾಗ ಓದಿ, ಎಲ್ಲಾ ತಿಳಕೊಂಡು, ನಮ್ಮ ಮುಂದ ದೊಡ್ಡಸ್ತನ ಮಾಡಬ್ಯಾಡ. ನಮ್ಮ ಕೂಡಽ ನಿನಗೂ ತಿಳೀಬೇಕು. ಮಗ್ಗ ಮುಟ್ಟು."

ಮಗ್ಗ ಮುಟ್ಟಿ ಆಣೆ ಮಾಡಿದೆ. ನೇಕಾರರ ಮನೆಯಲ್ಲಿ ಅದಕ್ಕಿಂತ ದೊಡ್ಡ ಆಣೆ ಇಲ್ಲ. ಮುಂದಿನ ಫಜೀತಿಗೆಲ್ಲ ಅದೇ ಮೂಲ.

ಇಳಕಲ್ಲು

ಪರದೇಶದ ಮೊದಲ ಮನುಷ್ಯ ಸುಂಕದ ಕಟ್ಟೆಯ ಸಿಪಾಯಿ. ನನ್ನ ಹೆಸರು ಕೇಳುವನೆಂದು ಹಾದಿಯುದ್ದಕ್ಕೂ ಮನಸ್ಸಿನಲ್ಲಿಯೇ ಹೇಳಿಕೊಂಡು ಹೋಗಿದ್ದೆ. ಅವನು ಕೇಳಿದ್ದು, "ಗಂಟಿನ್ಯಾಗ ಏನೈತಿ?"

ಗಾಬರಿಯಲ್ಲಿ "ನೀಲವ್ವ" ಎಂದೆ.

ತಮ್ಮ ಗಾಡಿಯಿಂದ ಬೀಳುವಷ್ಟು ನಕ್ಕ. ಸಿಪಾಯಿ ಗಂಟು ಬಿಚ್ಚಿಸಿ, ಸಜ್ಜೆ ರೊಟ್ಟಿ ಮುರಿದು ನೋಡಿ, "ನೀಲವ್ವ ಭಾಳ ಗರಿಗರಿ ಆಗ್ಯಾಳ, ಹೋಗ್ರಿ" ಎಂದ. ಅಲ್ಲಿಂದ ಬಾಗಲಕೋಟೆಯ ತನಕ ತಮ್ಮ ಹಸಿವಾದಾಗಲೆಲ್ಲ "ಅಕ್ಕಾ, ಒಂದು ನೀಲವ್ವ ಕೊಡು" ಎನ್ನುತ್ತಿದ್ದ.

ಇಳಕಲ್ಲಿನ ಓಣಿಗಳಲ್ಲಿ ಮಗ್ಗದ ಸಪ್ಪಳ ನಮ್ಮೂರಿನದೇ. ಪರದೇಶದಲ್ಲಿಯೂ ಲಾಳಿ ಅದೇ ಮಾತು ಆಡುತ್ತದೆಂದು ತಿಳಿದು ಸ್ವಲ್ಪ ಧೈರ್ಯ ಬಂತು. ಹುನಗುಂದದಲ್ಲಿ ಎತ್ತುಗಳಿಗೆ ನೀರು ಕುಡಿಸಿದೆವು, ಅಷ್ಟೇ. ಆ ಊರಿಗೂ ನನಗೂ ಮುಂದೆ ಕೆಲಸವಿದೆಯೆಂದು ಆಗ ಏನು ಗೊತ್ತು. ಅಮೀನಗಡದಲ್ಲಿ ತಮ್ಮ ಕರದಂಟು ಕೊಡಿಸಿದ. ಅದು ಹಲ್ಲಿಗೆ ಹತ್ತಿ ಬಾಯಿ ಬಿಡಲಾಗಲಿಲ್ಲ. ನಾನು ಎಂದಿನಂತೆ ಸುಮ್ಮನಿದ್ದೇನೆ ಎಂದುಕೊಂಡು ಅವನು ಗಾಡಿ ಹೊಡೆದ.

ಬಾಗಲಕೋಟೆ

ಅಂಗಡಿ ಪೇಟೆಯ ಓಣಿಯೊಂದರ ಮೂಲೆಯಲ್ಲಿತ್ತು. ಇಟ್ಟುಕೊಂಡವನು ಇಮಾಮಸಾಹೇಬ, ಹರಿದ ಪುಸ್ತಕ ಕೊಂಡು, ಹೊಲಿದು, ರಟ್ಟು ಹಾಕಿ ಮಾರುವವನು. ಪ್ಲೇಗಿಗೆ ಅಂಜಿ ಊರು ಬಿಟ್ಟವರು ಗಂಟುಗಟ್ಟಲೆ ಪುಸ್ತಕ ಅವನಿಗೆ ಹಾಕಿ ಹೋಗಿದ್ದರಂತೆ. ಗೋಣಿತಟ್ಟಿನ ಮೇಲೆ ಪುಸ್ತಕ, ಹಲಗೆಯ ಮೇಲೆ ಪುಸ್ತಕ, ಜಂತಿಗೆ ಕಟ್ಟಿದ ಹಗ್ಗದ ಮೇಲೆ ಒಗೆದ ಧೋತರದ ಹಾಗೆ ಜೋತುಬಿದ್ದ ಪುಸ್ತಕ. ನಡುವೆ ಗಂಡಸರು ಓದುತ್ತ ಕುಳಿತಿದ್ದರು.

ಒಂದು ವಿಚಿತ್ರ ಕಂಡೆ. ಆ ಅಂಗಡಿಯಲ್ಲಿ ಸುಮ್ಮನೆ ಓದುವ ಹಾಗಿಲ್ಲ. ಎಷ್ಟು ಹೊತ್ತಾದರೂ ಓದಿರಿ, ಕೊಳ್ಳದೆಯೂ ಹೋಗಿರಿ, ಆದರೆ ಒಂದು ಕೈ ಅಂಗಡಿಗೆ ಕೊಡಬೇಕು. ರುಮಾಲು ಸುತ್ತಿದ ಮಾಸ್ತರರೊಬ್ಬರು ಬಲಗೈಯಲ್ಲಿ ಪುಸ್ತಕ ಹಿಡಿದು ಎಡಗೈಯಿಂದ ಅಂಟು ಕಲಸುತ್ತಿದ್ದರು. ಇನ್ನೊಬ್ಬರು ಹೊಲಿಗೆಯ ದಾರದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು ಓದುತ್ತಿದ್ದರು. ಅವರು ನಕ್ಕಾಗ ದಾರ ಅಲುಗಿ ಇಮಾಮಸಾಹೇಬ ಬೈಯುತ್ತಿದ್ದ: "ರಾಯರ, ನಗೂ ಪುಸ್ತಕ ಬ್ಯಾಡ ನಿಮಗ. ವೇದಾಂತ ತಗೋರಿ, ದಾರ ನೆಟ್ಟಗ ನಿಲ್ಲತೈತಿ."

ಅಷ್ಟು ಗಂಡಸರನ್ನು ಕಂಡು ನಾನು ಎದುರಿನ ಗೋಡೆಗೆ ಮುಖ ಮಾಡಿ ನಿಂತೆ. ತಮ್ಮ ನೂಲಿನ ಅಂಗಡಿಗೆ ಹೋಗುವ ಅವಸರದಲ್ಲಿದ್ದ. "ಅಕ್ಕಾ, ಪುಸ್ತಕ ಆ ಕಡೆ ಅದಾವು" ಎಂದ. ನನಗೂ ಗೊತ್ತಿತ್ತು. ಕುತ್ತಿಗೆ ತಿರುಗಲಿಲ್ಲ.

ಇಮಾಮಸಾಹೇಬ ಒಳಗೆ ಕೂಗಿದ. ಹಿತ್ತಲ ಬಾಗಿಲು ತೆರೆದು ಅವನ ಹೆಂಡತಿ ಮಾಬೂಬಿ ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡಳು. "ಮುಂದಿನ ಬಾಗಲ ಗಂಡಸರಿಗೆ, ಹಿಂದಿನ ಬಾಗಲ ನಮಗ. ಇಲ್ಲೇನೂ ಕಮ್ಮಿ ಇಲ್ಲಾ, ಛಲೋ ಪುಸ್ತಕ ಎಲ್ಲಾ ಮೊದಲು ಇಲ್ಲೇ ಬರ್ತಾವು. ನಾ ಆರಿಸಿದ ಮ್ಯಾಲ ಉಳಿದಿದ್ದು ಅವರಿಗೆ."

ಒಳಗಿನ ಕೋಣೆಯಲ್ಲಿ ಹೊಲಿಯಬೇಕಾದ ಪುಸ್ತಕಗಳ ರಾಶಿ. ಬೇವಿನ ಎಲೆ, ಗಂಜಿ, ಹಳೆಯ ಕಾಗದ ಕೂಡಿದ ವಾಸನೆ. ಜೀವನದಲ್ಲಿ ಒಂದೇ ಪುಸ್ತಕ ನೋಡಿದವಳು ನಾನು. ರಾಶಿಯ ಮುಂದೆ ಕುಳಿತೆ, ನೋಡಿರಿ, ಅಲ್ಲಿಂದ ನನಗೆ ಬಂದ ಕಾರಣವೂ ನೆನಪಿಲ್ಲ, ತಮ್ಮನೂ ನೆನಪಿಲ್ಲ.

ಹಳೆಯ ಪುಸ್ತಕದ ಸೊಗಸು ಅಂದು ತಿಳಿಯಿತು. ಅದನ್ನು ನಾವು ತೆರೆಯಬೇಕಿಲ್ಲ. ಅಂಗೈಯ ಮೇಲೆ ಇಟ್ಟರೆ ಹಿಂದಿನವರು ಬಹಳ ಸಲ ನೋಡಿದ ಕಡೆ ತಾನೇ ತೆರೆದುಕೊಳ್ಳುತ್ತದೆ. ಅಡಿಗೆಯ ಪುಸ್ತಕವೊಂದು ತೆರೆದದ್ದು ಅರಿಸಿಣದ ಬೆರಳಚ್ಚು ಬಿದ್ದ ಹಾಳೆಗೆ. ಒಳ್ಳೆಯ ಹೆಂಡತಿ ಹೇಗಿರಬೇಕೆಂದು ಯಾರೋ ಗಂಡಸು ಬರೆದ ಪುಸ್ತಕ ಎಲ್ಲಿಯೂ ತೆರೆಯಲಿಲ್ಲ, ಹಾಳೆಗಳು ಇನ್ನೂ ಒಂದಕ್ಕೊಂದು ಕೂಡಿಯೇ ಇದ್ದವು. ಭೂಗೋಳದ ಪುಸ್ತಕದಲ್ಲಿ ಯಾವುದೋ ಸಾಲಿ ಹುಡುಗ ದೇಶಗಳಿಗೆಲ್ಲ ಮೀಸೆ ಬರೆದಿದ್ದ. ಹಳೆಯ ಪಂಚಾಂಗ ಒಂದನ್ನು ತೆಗೆದು, ಮುಗಿದುಹೋದ ವರ್ಷದಲ್ಲಿ ನನ್ನ ರಾಶಿಗೆ ಏನೇನು ಲಾಭವಿತ್ತೆಂದು ಓದಿದೆ. ಭಾಳ ಇತ್ತು. ಯಾರಿಗೆ ಹೋಯಿತೋ.

ಕೈ ಕೊಡುವ ನಿಯಮ ಒಳಗೂ ಇತ್ತು. ಮಾಬೂಬಿ ನನಗೆ ಒಲೆಯ ಮೇಲಿನ ಗಂಜಿ ತಿರುವಲು ಹೇಳಿದಳು. "ನಾವು ನೇಕಾರರು, ಹುಟ್ಟಿದಾಗಿಂದ ಗಂಜಿ ಕಾಸಿದವರು" ಎಂದು ಹೇಳಿ, ಪಂಚಾಂಗ ಓದುತ್ತ ತಳ ಹತ್ತಿಸಿದೆ. ಹೊಗೆ ಮುಂದಿನ ಅಂಗಡಿಗೂ ಹೋಯಿತು. "ಏ, ಬೆಂಕಿ ಹತ್ತೇತೇನು?" ಎಂದು ಇಮಾಮಸಾಹೇಬ ಕೂಗಿದ. "ಇಲ್ಲಾ, ನೇಕಾರರು ಗಂಜಿ ಕಾಸಾಕತ್ತ್ಯಾರ" ಎಂದಳು ಮಾಬೂಬಿ.

ಆಮೇಲೆ ರಾಣಿಯ ಕಥೆ ಕೇಳಿದೆ. ಇತ್ತು! ಆದರೆ ನಡುವೆ ದಾರ ಹರಿದು ಎರಡು ಕಂತೆಯಾಗಿತ್ತು. ಅದೇ ಛಾಪಖಾನೆಯ ಇನ್ನೊಂದು ಪುಸ್ತಕ, ದನಗಳ ರೋಗಕ್ಕೆ ಔಷಧಿ ಹೇಳುವುದು, ಅದೂ ಅಲ್ಲಿಯೇ ಹರಿದು ಎರಡು ಕಂತೆಯಾಗಿ ಪಕ್ಕದಲ್ಲಿ ಬಿದ್ದಿತ್ತು. ಅದನ್ನು ಹುನಗುಂದದವರು ಯಾರೋ ಹೊಲಿಯಲು ಹೇಳಿದ್ದರಂತೆ. "ಗಂಜಿ ನಿನ್ನ ಕೈಲೆ ಆಗಲಿಲ್ಲ, ಹೊಲಿಗಿ ಆಗತೈತೇನು?" ಎಂದಳು ಮಾಬೂಬಿ. ಮರ್ಯಾದೆ ಉಳಿಸಿಕೊಳ್ಳಲು ಎರಡನ್ನೂ ಹೊಲಿಯುತ್ತೇನೆ ಎಂದೆ.

ನೇಕಾರರ ಮಕ್ಕಳಾದ ನಿಮಗೆ ಇದು ಹೊಸದಲ್ಲ: ನಮ್ಮ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತೇವೆ. ಎಳೆಯ ಲೆಕ್ಕ ಕೂಡಿದರೆ ಸಾಕು. ಒಡಲು ಹಸಿರಿರಲಿ, ನೀಲಿಯಿರಲಿ, ಸೆರಗು ಕೆಂಪೇ; ಬಣ್ಣ ಬೇರೆಯಾಯಿತೆಂದು ಯಾವ ನೇಕಾರನೂ ಕೈ ತಡೆಯುವುದಿಲ್ಲ. ನಾನು ಹಾಗೆಯೇ ಮಾಡಿದೆ. ರಾಣಿಯ ಮೊದಲ ಕಂತೆ ತೊಂಬತ್ತಾರನೆಯ ಪುಟಕ್ಕೆ ಮುಗಿದಿತ್ತು. ತೊಂಬತ್ತೇಳರಿಂದ ಸುರುವಾಗುವ ಕಂತೆ ಎತ್ತಿಕೊಂಡೆ. ಆಣೆ ನೆನಪಾಗಿ ಒಂದಕ್ಷರ ಕಣ್ಣಿಗೆ ಬೀಳದಂತೆ ಬೆರಳು ಮುಚ್ಚಿ, ಮೇಲಿನ ಅಂಕಿ ಮಾತ್ರ ನೋಡಿದೆ. ಲೆಕ್ಕ ಕೂಡಿತು, ಹೊಲಿದೆ. ಉಳಿದೆರಡು ಕಂತೆಯ ಲೆಕ್ಕವೂ ಕೂಡಿತು, ಅದನ್ನೂ ಹೊಲಿದೆ. ನಮ್ಮ ಕೊಂಡಿಯನ್ನೇ ಹಾಕಿದೆ, ಹಾಳೆ ಹೋದರೂ ಹೊಲಿಗೆ ಹೋಗಬಾರದು ಎಂಬ ಹಾಗೆ. ಮಾಬೂಬಿ ಬೆನ್ನಿಗೆ ಅಂಟು ಬಳಿದಳು. ಇಮಾಮಸಾಹೇಬ ಪರದೆಯ ಆಚೆಯಿಂದ ಎಳೆದು ನೋಡಿ, "ಅರೇ, ಆನಿ ಎಳದರೂ ಬಿಡೂದಿಲ್ಲಲ್ಲ!" ಎಂದ.

ಜೀವನದಲ್ಲಿ ಗಂಡಸೊಬ್ಬ ನನ್ನ ಕೆಲಸ ಹೊಗಳಿದ್ದು ಅದೇ ಮೊದಲು. ಹಿಗ್ಗಿ ಹೀರೇಕಾಯಿಯಾದೆ.

ಬದಾಮಿಯ ರೈಲು

ಗಾಡಿ, ಎತ್ತು ಬಾಗಲಕೋಟೆಯಲ್ಲಿ ಬಿಟ್ಟು ರೈಲು ಹತ್ತಿದೆವು. ನಾನು ಚಪ್ಪಲಿ ಕೆಳಗೆ ಬಿಟ್ಟು ಹತ್ತಿದ್ದೆ. ಮನೆಯೊಳಗೆ ಹೋಗುವಾಗ ಬಿಡುವುದಿಲ್ಲವೇ, ಅಷ್ಟು ದೊಡ್ಡ ಬಾಗಿಲು ಕಂಡು ಕಾಲು ತಾನೇ ಬಿಟ್ಟಿತು. ಚಪ್ಪಲಿ ಬಾಗಲಕೋಟೆಯ ಸ್ಟೇಶನ್ನಿನಲ್ಲಿ ಉಳಿದವು, ನಾನು ಬರಿಗಾಲಲ್ಲಿ ಬದಾಮಿಗೆ ಹೋದೆ. ತಾಯಿಯ ದರ್ಶನಕ್ಕೆ ಬರಿಗಾಲಲ್ಲಿಯೇ ಹೋಗುವ ಹರಕೆ ಇದೆ ಎಂದು ತಮ್ಮ ಎದುರು ಕುಳಿತವರಿಗೆ ಹೇಳಿ ನನ್ನ ಮಾನ ಕಾಯ್ದ.

ಸ್ವಲ್ಪ ಹೊತ್ತಿಗೆ ಅವನಿಗೆ ಬೇಸರ ಬಂತು. "ಅಕ್ಕಾ, ಆ ಪುಸ್ತಕ ಕೊಡು, ರಾಣೀದು ಏನಾತು ನೋಡೋಣು."

"ಬ್ಯಾಡೋ. ಆಣಿ ಐತಿ."

"ಆಣಿ ನಿನಗ, ನನಗಲ್ಲ" ಎಂದು ಕಸಿದುಕೊಂಡು ದೊಡ್ಡ ದನಿಯಲ್ಲಿ ಓದತೊಡಗಿದ. ನಾನು ಸೆರಗು ಎರಡೂ ಕಿವಿಗೆ ತುರುಕಿ, ಕಣ್ಣು ಮುಚ್ಚಿ, ಬನಶಂಕರಿಯ ಹೆಸರು ಹೇಳುತ್ತ ಕುಳಿತೆ. ಎದುರಿನವರು ಇವಳಿಗೆ ರೈಲಿನ ಹೆದರಿಕೆ ಎಂದು ನೀರು ಕೊಟ್ಟರು. ಒಮ್ಮೆಲೇ ತಮ್ಮ ನನ್ನ ಭುಜ ಅಲುಗಿಸಿದ. ಮುಖ ಒಂದು ಥರ ಆಗಿತ್ತು. ಅಳುತ್ತಾನೋ ನಗುತ್ತಾನೋ ತಿಳಿಯಲಿಲ್ಲ. ಕೂಸು ಸತ್ತಿತೇನೋ ಎಂದುಕೊಂಡು ಸೆರಗನ್ನು ಇನ್ನಷ್ಟು ಒಳಗೆ ತುರುಕಿದೆ.

"ಅಕ್ಕಾ, ಕಿವಿ ಬಿಡು. ಕೇಳಿದ್ರ ಆಣಿ ಮುರಿಯೂದಿಲ್ಲ. ತೊಂಬತ್ತಾರನೇ ಪುಟ: 'ಹಿಂದಿನಿಂದ ಬಾಲಕನ ದನಿ ಕೇಳಲು, ರಾಣಿಯು ಗಡಗಡನೆ ನಡುಗಿ ತಿರುಗಿ ನೋಡಿ.' ತೊಂಬತ್ತೇಳು: 'ಬಾಯಿಯನ್ನು ಬಲವಾಗಿ ತೆರೆಯಿಸಿ, ಓಮಿನ ಕಷಾಯವನ್ನು ಬೆಲ್ಲದ ಸಂಗಡ ಹೊಟ್ಟೆ ಇಳಿಯುವ ತನಕ ಕುಡಿಸತಕ್ಕದ್ದು.'"

ಬೋಗಿಯೆಲ್ಲ ನಕ್ಕಿತು. ನಾನು ನಗಲಿಲ್ಲ. ಸಂಗವ್ವಾಯಿಯ ಮುಖ ಕಣ್ಣಿಗೆ ಕಟ್ಟಿತು. ಯಮನನ್ನು ಬಾಗಿಲಲ್ಲಿ ಕೂರಿಸಿ ಕಾಯುವ ಮುದುಕಿಗೆ ಓಮಿನ ಕಷಾಯ ಒಯ್ಯುತ್ತಿದ್ದೆ.

ಬನಶಂಕರಿಯಲ್ಲಿ ಹೊಂಡ ನೋಡಿದೆ, ತಾಯಿಯ ಮುಂದೆ ನಿಂತೆ. ಓಣಿಯವರು ಒಬ್ಬೊಬ್ಬರೂ ಒಂದೊಂದು ಬೇಡಿಕೆ ಹೇಳಿ ಕಳಿಸಿದ್ದರು. ಒಂದೂ ಬಾಯಿಗೆ ಬರಲಿಲ್ಲ. "ತಾಯೀ, ಉಳಿದರ್ಧ ಕೊಡು" ಎಂದೆ. ಏನರ್ಧ ಎಂದು ದೇವಿಗೂ ತಿಳಿದಿರಲಿಕ್ಕಿಲ್ಲ.

ಬಾಗಲಕೋಟೆ, ಇನ್ನೊಮ್ಮೆ

ತಿರುಗಿ ಬಂದಾಗ ಚಪ್ಪಲಿ ಸಿಗಲಿಲ್ಲ. ತಮ್ಮ ನೂಲಿನ ಗಂಟು ಕಟ್ಟಿಸಲು ಹೋದ. ನಾನು ಇಮಾಮಸಾಹೇಬನ ಹಿತ್ತಲ ಬಾಗಿಲಿಗೆ ಹೋದರೆ ಅಗಳಿ ಹಾಕಿತ್ತು. ಮಾಬೂಬಿ ತವರಿಗೆ ಹೋಗಿದ್ದಾಳೆ ಎಂದು ಪಕ್ಕದ ಮನೆಯವಳು ಹೇಳಿದಳು.

ಉಳಿದದ್ದು ಮುಂದಿನ ಬಾಗಿಲು. ಮೂಲೆಯ ತನಕ ಹೋದೆ, ತಿರುಗಿ ಬಂದೆ, ಮತ್ತೆ ಹೋದೆ. ಆ ಓಣಿಯ ನಾಯಿ ಮೊದಲು ಬೊಗಳಿತು, ಆಮೇಲೆ ಗುರುತು ಹಿಡಿದು ಬಾಲ ಅಲ್ಲಾಡಿಸಿತು. ಕಡೆಗೆ ಶ್ರಾವಣ ನೆನೆದು ಒಳಗೆ ಹೋದೆ. ಗಂಡಸರು ಹಾಗೆಯೇ ಕುಳಿತಿದ್ದರು. ಒಬ್ಬರೂ ತಲೆ ಎತ್ತಲಿಲ್ಲ. ಇಷ್ಟು ವರ್ಷ ಜಗತ್ತೆಲ್ಲ ನನ್ನನ್ನೇ ನೋಡುತ್ತಿದೆ ಎಂದುಕೊಂಡಿದ್ದೆನಲ್ಲ, ಓದುವವರು ಯಾರನ್ನೂ ನೋಡುವುದಿಲ್ಲ. ಸ್ವಲ್ಪ ಅವಮಾನವೇ ಆಯಿತೆನ್ನಿರಿ.

ಪುಸ್ತಕ ಮುಂದೆ ಇಟ್ಟು, ಹೇಗೋ ಮಾತು ಜೋಡಿಸಿ ಹೇಳಿದೆ. ಇಮಾಮಸಾಹೇಬ ಹಾಳೆ ತಿರುವಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ. "ತಂಗೀ, ಇನ್ನೊಂದು ಮೊನ್ನೇನಽ ಹೋತು. ಹುನಗುಂದದ ಎತ್ತಿನ ಈರಪ್ಪ ಒಯ್ದಾನ. ಅವನ ಎತ್ತಿಗೆ ಈಗ ರಾಣಿ ಔಷಧಿ ಕೊಡತಿರಬೇಕು!"

"ಇನ್ನೊಂದು ಪ್ರತಿ ಇಲ್ಲೇನ್ರಿ?"

"ಹುಡಕು. ಇದ್ರ ನಿಂದು. ಆದರ ಕೈ?" ಎಂದು ದಾರದ ತುದಿ ನನ್ನ ಕೈಗಿಟ್ಟ.

ಹೀಗೆ ನಿಮ್ಮ ಆಯಿ ಬಾಗಲಕೋಟೆಯ ಪೇಟೆಯಲ್ಲಿ, ಹಾಡುಹಗಲು, ಗಂಡಸರ ಸಾಲಿನಲ್ಲಿ ಕುಳಿತು, ಎಡಗೈಯಲ್ಲಿ ದಾರ ಹಿಡಿದು ಬಲಗೈಯಿಂದ ಒಂದೊಂದೇ ಪುಸ್ತಕ ತೆಗೆದು ನೋಡಿದಳು. ರಾಣಿ ಸಿಗಲಿಲ್ಲ. ಆದರೆ ಸೆರಗು ಹೆಗಲಿಗೆ ಜಾರಿದ್ದು ತಮ್ಮ ಬಂದು ಹೇಳುವ ತನಕ ಗೊತ್ತಾಗಲಿಲ್ಲ.

ಹುನಗುಂದ

ಎತ್ತಿನ ಈರಪ್ಪನ ಮನೆ ಕೇಳಿದರೆ ಊರೆಲ್ಲ ತೋರಿಸುತ್ತದೆ. ಅಂಗಳದಲ್ಲಿ ಮನೆಗಿಂತ ಎತ್ತರದ ಎರಡು ಬಿಳಿ ಎತ್ತು, ಅವುಗಳ ಮೈ ತಿಕ್ಕುತ್ತ ಈರಪ್ಪ. ನಮ್ಮ ಕೈಯಲ್ಲಿನ ಪುಸ್ತಕ ಕಂಡದ್ದೇ ಎದ್ದು ನಿಂತ.

"ನೀವಽ ಏನ್ರಿ ಹೊಲಿದಾಕಿ? ಎಂಥಾ ಕೆಲಸ ಮಾಡಿಟ್ಟೀರಿ! ಮೊನ್ನೆ ನನ್ನ ಎತ್ತಿನ ಹೊಟ್ಟಿ ಉಬ್ಬಿತ್ತು. ಪುಸ್ತಕ ತೆಗದೆ. 'ಹೊಟ್ಟೆ ಉಬ್ಬಿದ ಎತ್ತನ್ನು ಎತ್ತರದ ಜಾಗದಲ್ಲಿ ನಿಲ್ಲಿಸಿ' ಅಂತ ಬರದಿತ್ತು. ನಿಲ್ಲಿಸಿದ್ನಿ. ಹಾಳಿ ತಿರುವಿದರ, 'ನನ್ನ ಕಂದಾ ಎಂದು ಎದೆಗೆ ಅವಚಿಕೊಂಡು ಗೋಳೋ ಎಂದು ಅತ್ತಳು'! ನಾ ಎತ್ತು ತೆಕ್ಕಿ ಹಾಕ್ಕೊಂಡು ಅಳಬೇಕೇನ್ರಿ?"

"ಎತ್ತು ಈಗ...?" ಎಂದೆ, ಅಪರಾಧಿಯ ಹಾಗೆ.

"ಬಾಜೂ ಮನಿ ಮುದುಕ ಬಂದು ಉಳಿಸಿದ. ನಿಮ್ಮ ಪುಸ್ತಕ ಅಲ್ಲ."

ಒಳಗಿನಿಂದ ಅವನ ತಾಯಿ ಗಂಗವ್ವ ಕೂಗಿದಳು. "ಈರಾ, ಬಯ್ಯಬ್ಯಾಡ, ಒಳಗ ಕರಿ. ಆ ಮಜ್ಜಿಗಿ ಮಾರಾಕಿ ಯಾರು ಅಂತ ಕೇಳೂದೈತಿ." ಹುಡುಗಾಟಕ್ಕೆಂದು ಮಗ ಓದಿ ಹೇಳಿದ ಒಂದೆರಡು ಹಾಳೆ ಆ ಮುದುಕಿಯ ಮನಸ್ಸಿಗೆ ಹತ್ತಿಬಿಟ್ಟಿದ್ದವು. ಎಲ್ಲಿಂದಲೋ ಬಂದ ಮಜ್ಜಿಗೆಯವಳು ಬಂದ ಕೂಡಲೇ ಯಾರದೋ ಹುಡುಗನನ್ನು ಅಪ್ಪಿಕೊಂಡು ಯಾಕೆ ಅಳುತ್ತಾಳೆ ಎಂದು ಎರಡು ದಿನದಿಂದ ಊಟ ಸೇರಿರಲಿಲ್ಲವಂತೆ.

ಕಂತೆ ಬಿಚ್ಚಿ ಬದಲಾಯಿಸಿಕೊಂಡರಾಯಿತು ಎಂದು ಈರಪ್ಪ ಕುಡಗೋಲು ತಂದ. ನನ್ನ ಕೊಂಡಿ ಜಗ್ಗಲಿಲ್ಲ. ಇನ್ನಷ್ಟು ಎಳೆದಾಗ ದಾರದ ಬದಲು ಹಾಳೆಯ ಅಂಚು ಹಪ್ಪಳದ ಹಾಗೆ ಪುಡಿಯಾಗಿ ಬಿತ್ತು. "ಬಿಡೋ! ಇದ್ದ ಅರ್ಧಾನೂ ಹೋಗತೈತಿ" ಎಂದು ಗಂಗವ್ವ ಕೈ ಹಿಡಿದಳು. ಆನೆ ಎಳೆದರೂ ಬಿಡದ ಹೊಲಿಗೆ ಹೊಲಿದವಳು ನಾನೇ ಅಲ್ಲವೇ.

ಕಡೆಗೆ ಅವಳೇ ದಾರಿ ಹೇಳಿದಳು. "ನಿಮ್ಮದು ನೀ ಓದು, ನಮ್ಮದು ಇವ ಓದ್ತಾನ. ಕಿವಿಗೆ ಹೊಲಿಗಿ ಬೇಕಾಗಿಲ್ಲ."

"ಯವ್ವಾ, ನಾ ಓಣ್ಯಾಗಿನವರಕಿಂತ ಮೊದಲು ಮುಂದಿನ ಕತಿ ತಿಳಕೊಳ್ಳಾಂಗಿಲ್ಲ ಅಂತ ಮಗ್ಗ ಮುಟ್ಟೇನಿ" ಎಂದೆ. ಕಣ್ಣಲ್ಲಿ ನೀರೇ ಬಂತು. ಕೇಳಿದರೆ ಆಣೆ ಹೋಗುತ್ತದೆ, ಕೇಳದಿದ್ದರೆ ಸಂಗವ್ವಾಯಿಯ ಆಸೆ ಹೋಗುತ್ತದೆ.

ಗಂಗವ್ವ ನನ್ನ ಹತ್ತಿರ ಸರಿದು ಕುಳಿತಳು. "ಹೊಳಿಯಿಂದ ನೀರು ತರತೈತಲ್ಲ ಕೊಡ, ಅದು ನೀರು ಕುಡೀತು ಅಂತ ಯಾರರ ಬಯ್ತಾರೇನು? ನೀ ಕೊಡ ಇದ್ದಂಗ. ತುಂಬಿಕೊಂಡು ಹೋಗು, ಚಲ್ಲಬ್ಯಾಡ."

ಮಧ್ಯಾಹ್ನದಿಂದ ದನ ಮನೆಗೆ ಬರುವ ತನಕ ಓದಿದೆ, ಎಂದಿನಂತೆ ಪುಸ್ತಕದ ಹಿಂದೆ ಮುಖ ಅಡಗಿಸಿ. ರಾಜ ಅವಳನ್ನು ಕಾಡಿಗೆ ಅಟ್ಟಿದಾಗ ಗಂಗವ್ವ ಸಿಟ್ಟಿಗೆದ್ದಳು. "ಆಕಿ ರಾಣಿ ಏನು! ನನ್ನ ಮುಂದ ಇಷ್ಟ ದಿನ ಮಜ್ಜಿಗಿ ಮಾರಿದ್ಲಲ್ಲ, ಒಂದ ಮಾತು ಹೇಳಬಾರದಾಗಿತ್ತ?" ಆಮೇಲೆ ದನಗಳ ಔಷಧಿಯ ಉಳಿದರ್ಧ ಓದಿದೆ. ಈರಪ್ಪ ಒಂದೊಂದನ್ನೂ ಎತ್ತುಗಳಿಗೆ ಕೇಳುವ ಹಾಗೆ ತಿರುಗಿ ಹೇಳಿ ಬಾಯಿಪಾಠ ಮಾಡಿದ. ಅವನ ಪಾಳಿ ಬಂದಾಗ ಅವನು ರಾಣಿಯ ಕಥೆಯನ್ನು ದನ ಕರೆಯುವ ದನಿಯಲ್ಲಿ ಓದಿದ. ನಾನು ಕಣ್ಣು ಮುಚ್ಚಿ ತುಂಬಿಕೊಂಡೆ.

ಮನೆ

ಶ್ರಾವಣ ಬಂತು. ಸಂಗವ್ವಾಯಿಯನ್ನು ಎತ್ತಿಕೊಂಡು ಬಂದು ಗೋಡೆಗೆ ಆನಿಸಿ ಕೂರಿಸಿದರು. ಪುಸ್ತಕದ ಕಡೆಯರ್ಧ ದನಗಳ ಔಷಧಿ ಎಂದು ಯಾರಿಗೂ ಹೇಳಿರಲಿಲ್ಲ; ತಮ್ಮನಿಗೂ ಬಾಯಿ ಬಿಡಬೇಡ ಎಂದಿದ್ದೆ. ದಿನಕ್ಕಿಷ್ಟು ಓದುತ್ತ ತೊಂಬತ್ತಾರನೆಯ ಪುಟಕ್ಕೆ ಬಂದೆ. ರಾಣಿ ಗಡಿಗೆ ಇಳಿಸಿದಳು. ದನಿ ಕೇಳಿದಳು. ತಿರುಗಿ ನೋಡಿದಳು. ಕಂಡಿಕೆ ಸುತ್ತುವ ರಾಟಿಗಳೆಲ್ಲ ನಿಂತವು.

ಮುಂದಿನ ಪುಟದಲ್ಲಿ ನನಗೆ ಆಸರೆ ಇರಲಿಲ್ಲ. ಓಮಿನ ಕಷಾಯದ ಹಿಂದೆ ಮುಖ ಅಡಗಿಸಿ ರಾಣಿಯ ಕಥೆ ಹೇಳಲು ನಗೆ ಬರುತ್ತದೆ, ಪ್ರಯತ್ನ ಮಾಡಿ ನೋಡಿದೆ. ಪುಸ್ತಕ ತೊಡೆಯ ಮೇಲೆ ಇಟ್ಟೆ. ಮುಖ ಎತ್ತಿದೆ. ಇಷ್ಟು ವರ್ಷ ಓದಿ ಹೇಳಿದ ಆ ಹೆಂಗಸರನ್ನು ಪುರಾಣದ ಹೊತ್ತಿನಲ್ಲಿ ಮೊದಲ ಸಲ ನೋಡಿದೆ. ಎಲ್ಲರ ಬಾಯಿಯೂ ಸ್ವಲ್ಪ ತೆರೆದಿತ್ತು. ಅಂಜುವಂಥ ಮುಖ ಒಂದೂ ಇರಲಿಲ್ಲ.

ಹೇಳಿದೆ. ಬಾವಿಯ ಹತ್ತಿರ ಒಬ್ಬ ಹುಡುಗ ಕರುವಿಗೆ ಜೋಗುಳ ಹಾಡುತ್ತಿದ್ದ. ರಾಣಿ ತನ್ನ ಕೂಸಿಗೆ ಹಾಡುತ್ತಿದ್ದ ಜೋಗುಳವೇ ಅದು. ಅಪ್ಪಿಕೊಂಡು ಅತ್ತಳು. ಹುಡುಗ ಬಿಡಿಸಿಕೊಂಡು, ತನ್ನನ್ನು ಸಾಕಿದ ಗೌಳಿಗಿತ್ತಿಯ ಸೆರಗಿನಲ್ಲಿ ಅಡಗಿದ. ರಾಣಿ ಒತ್ತಾಯ ಮಾಡಲಿಲ್ಲ. ದಿನವೂ ಅದೇ ಬಾವಿಗೆ ಬಂದು ಮಜ್ಜಿಗೆ ಮಾರಿದಳು. ಕಡೆಗೊಂದು ದಿನ ಅವನೇ ಬಂದು ಅವಳ ಗಡಿಗೆ ಹೊತ್ತ. ರಾಜನಿಗೆ ತಪ್ಪು ತಿಳಿಯಿತು, ಆನೆ ಕಳಿಸಿದ, ತಾಯಿ ಮಗ ಅರಮನೆಗೆ ಹೋದರು.

ಸಂಗವ್ವಾಯಿ ಉಸಿರು ಬಿಟ್ಟಳು. ಎಲ್ಲರೂ ಗಾಬರಿಯಾದೆವು. ಅವಳು ಕಣ್ಣು ತೆರೆದು ಕೇಳಿದಳು: "ನೀಲಾ, ಆ ಗೌಳಿಗಿತ್ತಿ ಏನಾದ್ಲು?"

ಈರಪ್ಪ ಓದಿದ ಪುಸ್ತಕದಲ್ಲಿ ಅದು ಇರಲಿಲ್ಲ. ಓದುತ್ತಿದ್ದರೆ ಪುಸ್ತಕದಲ್ಲಿ ಇಲ್ಲ ಆಯಿ ಎನ್ನುತ್ತಿದ್ದೆ. ಆದರೆ ಮುಖ ನೋಡುತ್ತಿದ್ದೆನಲ್ಲ. "ಆಕಿನ್ನೂ ಆನಿ ಮ್ಯಾಲ ಕುಂಡರಿಸಿದ್ರು ಆಯಿ. ನಡುವ ಹುಡುಗ, ಈ ಕಡೆ ರಾಣಿ, ಆ ಕಡೆ ಗೌಳಿಗಿತ್ತಿ."

"ಹಂಗಾರ ಯಮಗ ಹೇಳ್ರಿ, ಇನ್ನ ಒಳಗ ಬರಲಿ" ಎಂದಳು. ಅವನು ಬರಲಿಲ್ಲ. ಇನ್ನೂ ಕೆಲವು ಶ್ರಾವಣ ಅದೇ ಕಥೆ ಕೇಳಿ, ಪ್ರತಿ ಸಲವೂ ಆನೆಯ ಮೇಲೆ ಯಾರು ಎಲ್ಲಿ ಕುಳಿತರು ಎಂದು ನನ್ನನ್ನು ಪರೀಕ್ಷೆ ಮಾಡಿದಳು.

ಒಂದು ಮಾತು ಉಳಿಯಿತು. ಪುರಾಣ ಹಿಡಿದ ಮೇಲೆ ಕಡೆಯ ಹಾಳೆಯ ತನಕ ಓದದೆ ಮಂಗಳಾರತಿ ಮಾಡಬಾರದು. ಅಂದು ನಾನು ಪುಸ್ತಕ ಮುಚ್ಚಹೋದಾಗ, ಹಿಂದೆ ಇನ್ನೂ ಹಾಳೆ ಇವೆಯಲ್ಲ ಎಂದು ಹೆಂಗಸರು ತಡೆದರು. ನಿಜ ಹೇಳಿದೆ. ನಕ್ಕು ನಕ್ಕು ಸಾಕಾಯಿತು, ಆದರೆ ಬಿಡಲಿಲ್ಲ. ಒರಲಿ ತಿಂದ ಪುಸ್ತಕಕ್ಕೆ ಇಷ್ಟು ವರ್ಷ ಅರ್ಧ ಮಂಗಳಾರತಿ ಮಾಡಿದ್ದು ಸಾಕು ಎಂದರು. ಅದಕ್ಕೇ ನಮ್ಮ ಓಣಿಯಲ್ಲಿ ಇಂದಿಗೂ ರಾಣಿ ಅರಮನೆಗೆ ಹೋದ ಮೇಲೆ ಎಲ್ಲರೂ ಕೈಮುಗಿದು ಕುಳಿತು ಹೊಟ್ಟೆ ಉಬ್ಬರ, ಕಾಲುಬಾಯಿ ಬೇನೆ, ಕೋಡಿನ ಹುಣ್ಣಿನ ಔಷಧಿ ಕೇಳಿ, ಕಾಯಿ ಒಡೆಯುವುದು. ನಮ್ಮ ಮನೆಯ ಪುರಾಣ ಮಾತ್ರ ಎತ್ತಿನಲ್ಲಿ ಯಾಕೆ ಮುಗಿಯುತ್ತದೆ ಎಂದು ಕೇಳುತ್ತಿದ್ದಿರಲ್ಲ, ಈಗ ತಿಳಿಯಿತು.

ಪುಸ್ತಕ ಗೋಡೆಯ ದೇವರ ಮಾಡದಲ್ಲಿದೆ. ಹೊಲಿಗೆ ಇನ್ನೂ ಬಿಟ್ಟಿಲ್ಲ. ನಿಮ್ಮಲ್ಲಿ ಯಾರು ಓದಲು ಕೂರುತ್ತೀರೋ ಅವರು ತೊಂಬತ್ತಾರನೆಯ ಪುಟಕ್ಕೆ ಅದನ್ನು ತೊಡೆಯ ಮೇಲೆ ಇಡಿರಿ, ಎದುರಿಗೆ ಕುಳಿತವರ ಮುಖ ನೋಡಿರಿ. ಮುಂದಿನದೆಲ್ಲ ತಾನೇ ಬರುತ್ತದೆ. ಗೌಳಿಗಿತ್ತಿಯನ್ನು ಆನೆಯ ಮೇಲೆ ಕೂರಿಸುವುದು ಮಾತ್ರ ಮರೆಯಬೇಡಿರಿ. ಅದು ಎರಡರ್ಧದಲ್ಲಿ ಯಾವುದರಲ್ಲಿಯೂ ಇಲ್ಲ.